ಜಾಮ್ ಆದಾಗ ತಾನೇ ಹಿಂದಿರುಗುವ ಮೋಟಾರು

ಬೆಳಗಿನ ಗಡಿಬಿಡಿ. ಮಿಕ್ಸಿಯ ಜಾರಿನಲ್ಲಿ ಕಾಯಿತುರಿ, ಹುರಿಗಡಲೆ, ಹಸಿಮೆಣಸಿನಕಾಯಿ ಒತ್ತಿ ತುಂಬಿದ್ದೀರಿ. ನೀರು ಹಾಕುವುದನ್ನು ಮರೆತಿದ್ದೀರಿ. ಗುಂಡಿ ತಿರುಗಿಸಿದ ಕೂಡಲೆ 'ಗುಂಯ್' ಎಂಬ ದಪ್ಪ ಸದ್ದು ಬರುತ್ತದೆ. ಬ್ಲೇಡು ಮಾತ್ರ ಅಲುಗದು. ಸ್ವಲ್ಪ ಹೊತ್ತಿನಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಮಿಕ್ಸಿಯ ಅಡಿಯಲ್ಲಿರುವ ಕೆಂಪು ಗುಂಡಿ ಹೊರಕ್ಕೆ ಬಂದು ವಿದ್ಯುತ್ತು ಕಡಿದುಹೋಗುತ್ತದೆ. ಇಲ್ಲವಾದರೆ ಮಿಕ್ಸಿಯನ್ನು ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಬೇಕು.

ಇಲ್ಲೊಂದು ವಿಚಿತ್ರವಿದೆ, ಗಮನಿಸಿ. ಚಟ್ನಿ ನುಣ್ಣಗೆ ಅರೆಯುತ್ತಾ ಭರದಿಂದ ತಿರುಗುತ್ತಿದ್ದ ಮೋಟಾರು ಸುಡಲಿಲ್ಲ. ಒಂದು ಸುತ್ತೂ ತಿರುಗದೆ ನಿಂತಲ್ಲೇ ನಿಂತಿದ್ದ ಮೋಟಾರು ಸುಟ್ಟಿತು! ಕೆಲಸ ಮಾಡುವ ಎತ್ತು ತಂಪಾಗಿದ್ದು, ಮಲಗಿದ ಎತ್ತಿಗೆ ಜ್ವರ ಬಂದ ಹಾಗಾಯಿತು. ಹೀಗೇಕೆ?

ಈ ಪ್ರಶ್ನೆಯ ಉತ್ತರದಲ್ಲೇ ನಮ್ಮ ಇಂದಿನ ವಿಷಯವೂ ಅಡಗಿದೆ. ಕಾಗದ ಚೂರು ಮಾಡುವ ಯಂತ್ರದಲ್ಲಿ ಹಾಳೆ ಸಿಕ್ಕಿಕೊಂಡಾಗ ಯಂತ್ರ ತಾನಾಗಿ ಹಿಂದಕ್ಕೆ ತಿರುಗಿ ಹಾಳೆಯನ್ನು ಹೊರಕ್ಕೆ ಬಿಡುವುದನ್ನು ನೀವು ನೋಡಿರಬಹುದು. ಕೆಲವು ಕಾರುಗಳ ಕಿಟಕಿಯ ಗಾಜು ಮೇಲೇರುವಾಗ ಅಡ್ಡ ಏನಾದರೂ ಸಿಕ್ಕಿದರೆ ಒಡನೆ ಕೆಳಗಿಳಿಯುತ್ತದೆ. ಈ ಯಂತ್ರಗಳಿಗೆ ಕಣ್ಣಿಲ್ಲ, ಚರ್ಮವಿಲ್ಲ. ಎದುರಿಗೆ ಅಡ್ಡಿಯಿದೆ ಎಂದು ಅವುಗಳಿಗೆ ಹೇಳುವವರು ಯಾರು? ಬಹುಮಟ್ಟಿಗೆ, ಮೋಟಾರೇ ಹೇಳುತ್ತದೆ. ಅದರ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬುದನ್ನು ತೆರೆಯ ಮೇಲಿನ ಮಾತುಕತೆಗಿಂತ ಸ್ವಲ್ಪ ನಿಧಾನವಾಗಿ, ಈ ಪುಟಗಳಲ್ಲಿ ನೋಡೋಣ.

ನಿಂತ ಮೋಟಾರಿಗೇ ಹಸಿವು ಹೆಚ್ಚು

ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಮಕ್ಕಳ ಮುರಿದ ಆಟಿಕೆಯಿಂದ ಒಂದು ಸಣ್ಣ ಮೋಟಾರನ್ನು ಬಿಚ್ಚಿಕೊಳ್ಳಿ. ಸೈಕಲ್ ಡೈನಮೊ ದೀಪಕ್ಕೆ ಹಾಕುವಂಥ 6 ವೋಲ್ಟಿನ ಒಂದು ಬಲ್ಬು ಮತ್ತು ನಾಲ್ಕು ಟಾರ್ಚ್ ಸೆಲ್‌ಗಳು ಇರಲಿ. ಸೆಲ್‌ಗಳಿಂದ ಹೊರಟ ತಂತಿ ಮೊದಲು ಬಲ್ಬಿಗೆ, ಬಲ್ಬಿನಿಂದ ಮೋಟಾರಿಗೆ, ಮೋಟಾರಿನಿಂದ ಮರಳಿ ಸೆಲ್‌ಗಳಿಗೆ ಹೋಗುವಂತೆ ಸಾಲಾಗಿ ಜೋಡಿಸಿ. ಮೋಟಾರು ತಿರುಗುತ್ತದೆ, ಬಲ್ಬು ಉರಿಯುವುದೇ ಇಲ್ಲ, ಅಥವಾ ಮಂಕಾಗಿ ಕೆಂಪಗಿರುತ್ತದೆ. ಈಗ ಮೋಟಾರಿನ ದಂಡವನ್ನು ಬಟ್ಟೆಯ ತುಂಡಿನಿಂದ ಬಿಗಿಯಾಗಿ ಹಿಡಿದು ನಿಲ್ಲಿಸಿ. ಬಲ್ಬು ಬೆಳಗುತ್ತದೆ! ಕೈ ಬಿಡಿ, ಮೋಟಾರು ಓಡುತ್ತದೆ, ಬಲ್ಬು ಮತ್ತೆ ಮಂಕಾಗುತ್ತದೆ.

ಬಲ್ಬು ಬೆಳಗಿತೆಂದರೆ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಹೆಚ್ಚಿತು ಎಂದರ್ಥ. ಅಂದರೆ ಓಡುವ ಮೋಟಾರಿಗಿಂತ ನಿಂತ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಇದು ಮೇಲ್ನೋಟಕ್ಕೆ ತಲೆಕೆಳಗಾಗಿ ತೋರಿದರೂ ಕಾರಣ ಸರಳವಾಗಿದೆ.

ಆಯಸ್ಕಾಂತದ ಬಳಿ ತಂತಿಯ ಸುರುಳಿಯನ್ನು ತಿರುಗಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ. ಸೈಕಲ್ ಡೈನಮೊ ನಡೆಯುವುದು ಈ ತತ್ವದಿಂದಲೇ. ಮೋಟಾರಿನ ಒಳಗಿರುವುದೂ ಆಯಸ್ಕಾಂತ ಮತ್ತು ತಿರುಗುವ ಸುರುಳಿಗಳೇ ಅಲ್ಲವೆ? ಆದ್ದರಿಂದ ಮೋಟಾರು ತಿರುಗುವಾಗ ಅದು ಮೋಟಾರೂ ಹೌದು, ಡೈನಮೊವೂ ಹೌದು. ತನ್ನೊಳಗೆ ತಾನೇ ಒಂದು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ. ಹೀಗೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಕಾರಣವನ್ನೇ ವಿರೋಧಿಸುತ್ತದೆ ಎಂಬುದು ಲೆನ್ಜ್ ಎಂಬ ವಿಜ್ಞಾನಿ 1834ರಲ್ಲಿ ನಿರೂಪಿಸಿದ ನಿಯಮ. ಸೆಲ್‌ಗಳು ಕರೆಂಟನ್ನು ಒಳಕ್ಕೆ ನೂಕುತ್ತಿದ್ದರೆ ಮೋಟಾರಿನೊಳಗಿನ ಡೈನಮೊ ಅದನ್ನು ಎದುರಿನಿಂದ ತಳ್ಳುತ್ತಿರುತ್ತದೆ. ಇದನ್ನು ಹಿಮ್ಮುಖ ವೋಲ್ಟೇಜು ಎಂದು ಕರೆಯೋಣ. ಮೋಟಾರು ಜೋರಾಗಿ ತಿರುಗಿದಷ್ಟೂ ಈ ಎದುರುತಳ್ಳು ಹೆಚ್ಚು, ನಿಧಾನವಾದಂತೆ ಕಡಿಮೆ, ನಿಂತರೆ ಸೊನ್ನೆ. ಆಗ ಕರೆಂಟನ್ನು ತಡೆಯಲು ಸುರುಳಿಯ ತಾಮ್ರದ ತಂತಿಗಿರುವ ಅಲ್ಪಸ್ವಲ್ಪ ರೋಧವನ್ನು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ, 6 ವೋಲ್ಟಿನಲ್ಲಿ ನಡೆಯುವ ಒಂದು ಸಣ್ಣ ಮೋಟಾರಿನ ಸುರುಳಿಯ ರೋಧ 3 ಓಮ್ ಇರಲಿ. ಕೆಲಸ ಮಾಡುತ್ತಾ ತಿರುಗುವಾಗ ಅದು 0.3 ಆಂಪಿಯರ್ ಕರೆಂಟು ಎಳೆಯುತ್ತದೆ ಎಂದುಕೊಳ್ಳೋಣ. ರೋಧವನ್ನು ದಾಟಲು ಖರ್ಚಾಗುವುದು 0.9 ವೋಲ್ಟ್ ಮಾತ್ರ. ಉಳಿದ 5.1 ವೋಲ್ಟ್ ಹಿಮ್ಮುಖ ವೋಲ್ಟೇಜಿಗೆ ಎದುರಾಗಿ ಸರಿದೂಗುತ್ತದೆ. ಸುರುಳಿಯಲ್ಲಿ ಶಾಖವಾಗಿ ಹೋಗುವ ಶಕ್ತಿ ಸುಮಾರು 0.27 ವಾಟ್. ಕೈಯಲ್ಲಿ ಮುಟ್ಟಿದರೆ ಮೋಟಾರು ತುಸು ಬೆಚ್ಚಗಿರಬಹುದು, ಅಷ್ಟೆ.

ಈಗ ಅದನ್ನು ಹಿಡಿದು ನಿಲ್ಲಿಸಿ. ಹಿಮ್ಮುಖ ವೋಲ್ಟೇಜು ಸೊನ್ನೆ. 6 ವೋಲ್ಟೂ 3 ಓಮ್ ರೋಧದ ಮೇಲೆ ಬೀಳುತ್ತದೆ. ಕರೆಂಟು 2 ಆಂಪಿಯರ್‌ಗೆ ಏರುತ್ತದೆ. ಶಾಖ? 12 ವಾಟ್! ಮೊದಲಿನದರ ಸುಮಾರು 44 ಪಟ್ಟು. ದಂಡ ತಿರುಗದಿರುವುದರಿಂದ ಒಂದಿಷ್ಟೂ ಕೆಲಸವಾಗಿಲ್ಲ. ಬಂದ ಶಕ್ತಿಯೆಲ್ಲ ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿಯೊಳಗೆ ಶಾಖವಾಗಿ ಕೂಡಿಕೊಳ್ಳುತ್ತದೆ. ತಂತಿಯ ಮೇಲಿನ ವಾರ್ನಿಷ್ ಕರಗಿ ಒಂದು ಸುತ್ತು ಇನ್ನೊಂದನ್ನು ಮುಟ್ಟಿದರೆ ಆ ಮೋಟಾರಿನ ಕಥೆ ಮುಗಿಯಿತು. ಟಾರ್ಚ್ ಸೆಲ್ಲಿನಲ್ಲಿ ನಡೆಸಿದರೆ ಸೆಲ್ಲಿನ ವೋಲ್ಟೇಜೇ ಕುಸಿಯುವುದರಿಂದ ಇಷ್ಟು ಕರೆಂಟು ಬಾರದೆ ಹೋಗಬಹುದು; ಅಡಾಪ್ಟರಿನಲ್ಲಿ ಅಥವಾ ಕಾರಿನ ಬ್ಯಾಟರಿಯಲ್ಲಿ ನಡೆಯುವ ಮೋಟಾರುಗಳಿಗೆ ಆ ದಾಕ್ಷಿಣ್ಯವಿಲ್ಲ.

ಈ ಲೆಕ್ಕದಿಂದ ನಾವು ನೆನಪಿಡಬೇಕಾದ ಮಾತು ಒಂದೇ. ಮೋಟಾರನ್ನು ಸುಡುವ ಕರೆಂಟೇ ಮೋಟಾರು ಕೂಗಿ ಹೇಳುವ ದೂರೂ ಹೌದು. 0.3 ಎಲ್ಲಿ, 2 ಎಲ್ಲಿ! ಇಷ್ಟು ದೊಡ್ಡ ಅಂತರವನ್ನು ಗುರುತಿಸುವುದು ಕಷ್ಟವೇನಲ್ಲ. ಆ ದೂರನ್ನು ಕೇಳಿಸಿಕೊಂಡು ತಕ್ಕ ಕ್ರಮ ಕೈಗೊಳ್ಳುವ ಏರ್ಪಾಡು ಮಾಡಿದರೆ ಮೋಟಾರೂ ಉಳಿಯುತ್ತದೆ, ಅದಕ್ಕೆ ಸಿಕ್ಕಿಕೊಂಡದ್ದೂ ಉಳಿಯುತ್ತದೆ.

ಕರೆಂಟು ಕಡಿದರೆ ಸಾಲದೆ?

ಮಿಕ್ಸಿಯ ಕೆಂಪು ಗುಂಡಿಯ ಹಾಗೆ ಕರೆಂಟನ್ನು ಕಡಿದುಬಿಟ್ಟರೆ ಸಾಲದೆ, ಹಿಂದಕ್ಕೆ ಯಾಕೆ ತಿರುಗಿಸಬೇಕು ಎಂದು ನೀವು ಕೇಳಬಹುದು. ಮಿಕ್ಸಿಗಾದರೆ ಸಾಕು. ಎಲ್ಲ ಕಡೆಯೂ ಸಾಲದು.

ಕಾರಿನ ಕಿಟಕಿಯ ಮೋಟಾರನ್ನೇ ತೆಗೆದುಕೊಳ್ಳಿ. ಗಾಜನ್ನು ಎತ್ತುವುದಕ್ಕೆ ಮೋಟಾರಿನ ದಂಡದ ಮೇಲೆ ತಿರುಪಿನಂಥ ಒಂದು ಭಾಗವಿದ್ದು, ಅದು ಒಂದು ಹಲ್ಲುಗಾಲಿಯನ್ನು ನಿಧಾನವಾಗಿ ತಿರುಗಿಸುತ್ತದೆ. ಮೆಕ್ಯಾನಿಕ್‌ಗಳು ಇದನ್ನು ವರ್ಮ್ ಗೇರು ಎನ್ನುತ್ತಾರೆ. ಗಿಟಾರಿನ ತಂತಿ ಬಿಗಿಯುವ ಕೀಲಿಯಲ್ಲಿರುವುದೂ ಇದೇ ಬಗೆಯ ಗೇರು. ಕೀಲಿ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ. ಆದರೆ ಬಿಗಿದ ತಂತಿ ಎಷ್ಟೇ ಎಳೆದರೂ ಕೀಲಿ ತಾನಾಗಿ ತಿರುಗಿ ಸಡಿಲವಾಗುವುದಿಲ್ಲ. ತಿರುಪು ಗಾಲಿಯನ್ನು ತಿರುಗಿಸಬಲ್ಲುದು, ಗಾಲಿ ತಿರುಪನ್ನು ತಿರುಗಿಸಲಾರದು. ಆದ್ದರಿಂದಲೇ ಕಾರಿನ ಗಾಜನ್ನು ಯಾರೂ ಹೊರಗಿನಿಂದ ಕೈಯಲ್ಲಿ ಒತ್ತಿ ಸುಲಭವಾಗಿ ಕೆಳಗಿಳಿಸಲಾರರು. ಕಳ್ಳರಿಂದ ಕಾಪಾಡುವ ಈ ಗುಣವೇ ಇನ್ನೊಂದು ಸಂದರ್ಭದಲ್ಲಿ ಅಪಾಯಕಾರಿ. ಮಗುವಿನ ಬೆರಳು ಗಾಜಿಗೂ ಚೌಕಟ್ಟಿಗೂ ನಡುವೆ ಸಿಕ್ಕಿತೆನ್ನಿ. ಆಗ ಕರೆಂಟು ಕಡಿದರೆ ಗಾಜು ಒತ್ತಿದಲ್ಲೇ ನಿಲ್ಲುತ್ತದೆ, ಬೆರಳು ಬಿಡುಗಡೆಯಾಗುವುದಿಲ್ಲ. ಬಿಡುಗಡೆಯಾಗಬೇಕಾದರೆ ಮೋಟಾರು ಹಿಂದಕ್ಕೆ ತಿರುಗಲೇಬೇಕು. ತಾನಾಗಿ ಹಿಂದಿರುಗುವ ಏರ್ಪಾಡಿನ ಅಗತ್ಯ ಇಲ್ಲಿದೆ.

ದಿಕ್ಕು ಬದಲಿಸುವ ಬಗೆ

ಆಟಿಕೆ, ಟೇಪ್‌ರೆಕಾರ್ಡರು, ಕಾರಿನ ಕಿಟಕಿ ಇವುಗಳಲ್ಲಿರುವ ಸಣ್ಣ ಡಿ.ಸಿ. ಮೋಟಾರುಗಳಲ್ಲಿ ಸ್ಥಿರವಾದ ಆಯಸ್ಕಾಂತವಿರುತ್ತದೆ. ಇವುಗಳ ದಿಕ್ಕು ಬದಲಿಸುವುದು ಬಹಳ ಸುಲಭ: ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು. ಮಿಕ್ಸಿಯಲ್ಲಿ ಈ ಉಪಾಯ ನಡೆಯದು. ಅದರಲ್ಲಿ ಸ್ಥಿರವಾದ ಆಯಸ್ಕಾಂತದ ಬದಲು ಇನ್ನೊಂದು ಸುರುಳಿಯಿದೆ. ತಂತಿ ಅದಲುಬದಲಾದರೆ ಎರಡೂ ಸುರುಳಿಗಳ ಕರೆಂಟು ಒಟ್ಟಿಗೆ ತಿರುವುಮುರುವಾಗಿ ಬ್ಲೇಡು ಮತ್ತೆ ಅದೇ ದಿಕ್ಕಿಗೆ ತಿರುಗುತ್ತದೆ. 230 ವೋಲ್ಟಿನ ಮಿಕ್ಸಿಯನ್ನು ಬಿಚ್ಚಿ ಈ ಮಾತನ್ನು ಪರೀಕ್ಷಿಸಲು ಹೋಗಬೇಡಿ. ನಮ್ಮ ಪ್ರಯೋಗಗಳೆಲ್ಲ 6 ವೋಲ್ಟಿನೊಳಗೇ ಇರಲಿ.

ತಂತಿಗಳನ್ನು ಅದಲುಬದಲು ಮಾಡುವ ಕೈಯ ಕೆಲಸವನ್ನು ಒಂದು ರಿಲೇಗೆ ಒಪ್ಪಿಸಬಹುದು. ರಿಲೇ ಎಂದರೆ ವಿದ್ಯುತ್ ಕಾಂತದಿಂದ ಎಳೆಯಲ್ಪಡುವ ಸ್ವಿಚ್ಚು. ನಮಗೆ ಬೇಕಾದದ್ದು ಒಟ್ಟಿಗೆ ಆಡುವ ಎರಡು ಜೊತೆ ಸಂಪರ್ಕಗಳುಳ್ಳ ರಿಲೇ. ಸಾಮಾನ್ಯ ಸ್ಥಿತಿಯಲ್ಲಿ ಧನ ತಂತಿ ಮೋಟಾರಿನ ಎಡ ತುದಿಗೆ, ಋಣ ತಂತಿ ಬಲ ತುದಿಗೆ. ರಿಲೇ ಎಳೆದಾಗ ಧನ ಬಲಕ್ಕೆ, ಋಣ ಎಡಕ್ಕೆ. ಸಂಪರ್ಕಗಳನ್ನು ಓರೆಯಾಗಿ ಜೋಡಿಸಿದರೆ ಇದು ಸಾಧ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ರೇಡಿಯೋ ರಿಪೇರಿ ಅಂಗಡಿಯಲ್ಲಾಗಲಿ 'ಡಬಲ್ ಪೋಲ್ ರಿಲೇ' ಎಂದು ಕೇಳಿದರೆ ಕೊಡುತ್ತಾರೆ. ರಿಲೇಯ ಸುರುಳಿಗೆ ಅಡ್ಡಲಾಗಿ ಒಂದು ಡಯೋಡು, ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕುವುದನ್ನು ಮರೆಯಬೇಡಿ. ಇಲ್ಲವಾದರೆ ಸುರುಳಿಯ ಹೊಡೆತಕ್ಕೆ ಟ್ರಾನ್ಸಿಸ್ಟರು ಸಾಯುತ್ತದೆ. ಬ್ರಷ್ಷುಗಳ ಕಿಡಿ ಉಳಿದ ಮಂಡಲವನ್ನು ದಾರಿ ತಪ್ಪಿಸುತ್ತದೆ.

ದೂರು ಕೇಳುವ ಬಗೆ

ಇನ್ನು ಮೋಟಾರಿನ ದೂರನ್ನು ಕೇಳಬೇಕು. ಮೊದಲ ಪ್ರಯೋಗದಲ್ಲಿ ಬಲ್ಬು ಮಾಡಿದ ಕೆಲಸವನ್ನು ಇಲ್ಲಿ ಒಂದು ಚಿಕ್ಕ ರೋಧಕ ಮಾಡುತ್ತದೆ. 1 ಓಮ್‌ನ ಎರಡು ರೋಧಕಗಳನ್ನು ಅಕ್ಕಪಕ್ಕ ಜೋಡಿಸಿದರೆ 0.5 ಓಮ್ ಆಗುತ್ತದೆ. ಇದನ್ನು ವಿದ್ಯುತ್ತಿನ ದಾರಿಯಲ್ಲಿ ರಿಲೇಗೂ ಋಣ ತುದಿಗೂ ನಡುವೆ ಸೇರಿಸಿ. ಮೋಟಾರಿನ ತಂತಿಯಲ್ಲೇ ಸೇರಿಸಿದರೆ ದಿಕ್ಕು ಬದಲಾದಾಗಲೆಲ್ಲ ರೋಧಕದ ಮೇಲಿನ ವೋಲ್ಟೇಜೂ ತಿರುವುಮುರುವಾಗುತ್ತದೆ. ರಿಲೇಯ ಈಚೆಗಿದ್ದರೆ ಆ ತೊಂದರೆಯಿಲ್ಲ. ಮೋಟಾರು ಯಾವ ಕಡೆ ತಿರುಗಿದರೂ ರೋಧಕದಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ.

ಮೋಟಾರು ಓಡುವಾಗ ಈ ರೋಧಕದ ಮೇಲೆ ಸಿಗುವುದು ಸುಮಾರು 0.15 ವೋಲ್ಟ್. ಜಾಮ್ ಆದಾಗ ಒಟ್ಟು ರೋಧ 3.5 ಓಮ್ ಆದ್ದರಿಂದ ಕರೆಂಟು 1.7 ಆಂಪಿಯರ್, ರೋಧಕದ ಮೇಲೆ ಸುಮಾರು 0.86 ವೋಲ್ಟ್. ಇವೆರಡರ ನಡುವೆ 0.5 ವೋಲ್ಟಿನಲ್ಲಿ ಒಂದು ಗೆರೆ ಎಳೆಯೋಣ. ಬಂದ ವೋಲ್ಟೇಜು ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ಹೋಲಿಸಿ ಹೇಳುವುದಕ್ಕೆ ಕಂಪ್ಯಾರೇಟರ್ ಎಂಬ ಅಗ್ಗದ ಚಿಪ್ಪುಗಳಿವೆ. ಎಲ್‌ಎಂ 393 ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಒಂದು. ಅದು 'ಗೆರೆ ದಾಟಿತು' ಎಂದ ಕೂಡಲೆ ರಿಲೇಯ ಸ್ಥಿತಿ ಬದಲಾಗಬೇಕು, ಮತ್ತೊಮ್ಮೆ ಹೇಳುವವರೆಗೂ ಹಾಗೆಯೇ ಉಳಿಯಬೇಕು. ಬಾಲ್‌ಪೆನ್ನಿನ ಗುಂಡಿ ಒಮ್ಮೆ ಒತ್ತಿದರೆ ಮೊನೆ ಹೊರಗೆ, ಇನ್ನೊಮ್ಮೆ ಒತ್ತಿದರೆ ಒಳಗೆ ಅಲ್ಲವೆ? ಅದೇ ಸ್ವಭಾವದ ವಿದ್ಯುತ್ ಮಂಡಲಕ್ಕೆ ಫ್ಲಿಪ್-ಫ್ಲಾಪ್ ಎಂದು ಹೆಸರು. ಕಂಪ್ಯಾರೇಟರಿನ ಮಾತು ಫ್ಲಿಪ್-ಫ್ಲಾಪಿಗೆ, ಅದರಿಂದ ಒಂದು ಟ್ರಾನ್ಸಿಸ್ಟರಿಗೆ, ಟ್ರಾನ್ಸಿಸ್ಟರಿನಿಂದ ರಿಲೇಗೆ. ಕಾಗದದ ಮೇಲೆ ಇಲ್ಲಿಗೆ ಕೆಲಸ ಮುಗಿಯಿತು. ಮೇಜಿನ ಮೇಲೆ ಮುಗಿಯುವುದಿಲ್ಲ!

ಮೂರು ತೊಡಕುಗಳು

ಹೀಗೆ ಜೋಡಿಸಿ ಸ್ವಿಚ್ಚು ಹಾಕಿದವರಿಗೆ ಮೊದಲು ಕೇಳಿಸುವುದು ರಿಲೇಯ ಟಕಟಕ ಸದ್ದು. ಮೋಟಾರು ಅತ್ತಲೂ ಹೋಗದೆ ಇತ್ತಲೂ ಹೋಗದೆ ನಡುಗುತ್ತಾ ನಿಲ್ಲುತ್ತದೆ. ಕಾರಣವೇನೆಂದರೆ, ಹೊರಡುವ ಕ್ಷಣದಲ್ಲಿ ಪ್ರತಿಯೊಂದು ಮೋಟಾರೂ ನಿಂತ ಮೋಟಾರೇ. ಹಿಮ್ಮುಖ ವೋಲ್ಟೇಜು ಇನ್ನೂ ಹುಟ್ಟಿರುವುದಿಲ್ಲ. ಆದ್ದರಿಂದ ಕರೆಂಟು ಜಾಮ್ ಆದಾಗಿನಷ್ಟೇ ಇರುತ್ತದೆ. ಮಂಡಲ ಅದನ್ನು ಅಡ್ಡಿಯೆಂದು ತಿಳಿದು ದಿಕ್ಕು ಬದಲಿಸುತ್ತದೆ. ಬದಲಾದ ದಿಕ್ಕಿನಲ್ಲೂ ಹೊಸದಾಗಿ ಹೊರಡಬೇಕಲ್ಲ? ಮತ್ತೆ ಅದೇ ಗೊಂದಲ. ಇದಕ್ಕೆ ಮದ್ದು ತಾಳ್ಮೆ. ಸಣ್ಣ ಮೋಟಾರುಗಳು ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟರಲ್ಲಿ ವೇಗ ಹಿಡಿಯುತ್ತವೆ. ಕಂಪ್ಯಾರೇಟರಿಗೆ ಮುನ್ನ 22 ಕಿಲೋ ಓಮ್ ರೋಧಕ ಮತ್ತು 10 ಮೈಕ್ರೋಫ್ಯಾರಡ್ ಕೆಪಾಸಿಟರು ಹಾಕಿದರೆ ಹೆಚ್ಚಿನ ಕರೆಂಟು ಸುಮಾರು 0.2 ಸೆಕೆಂಡು ಮುಂದುವರಿದರೆ ಮಾತ್ರ ಅದು ದೂರೆಂದು ದಾಖಲಾಗುತ್ತದೆ. ಕ್ಷಣಿಕ ಏರಿಳಿತಗಳು ಗಣನೆಗೆ ಬಾರವು. ಆದರೆ ದಿಕ್ಕು ಬದಲಾದ ಕೂಡಲೆ ಆ ಕೆಪಾಸಿಟರು ಖಾಲಿಯಾಗುವಂತೆಯೂ ನೋಡಿಕೊಳ್ಳಬೇಕು. ಹಳೆಯ ದೂರು ಅದರಲ್ಲಿ ತುಂಬಿಕೊಂಡೇ ಇದ್ದರೆ ಕಂಪ್ಯಾರೇಟರು ಕೆಳಗಿಳಿಯುವುದೇ ಇಲ್ಲ. ಹೊಸ ದೂರು ಬಂದದ್ದು ಫ್ಲಿಪ್-ಫ್ಲಾಪಿಗೆ ತಿಳಿಯುವುದೂ ಇಲ್ಲ.

ಎರಡನೆಯ ತೊಡಕು: ಎರಡೂ ಕಡೆ ಅಡ್ಡಿಯಿದ್ದರೆ? ಆಗ ಮೋಟಾರು ಅತ್ತ ಒಮ್ಮೆ ಇತ್ತ ಒಮ್ಮೆ ಗುದ್ದುತ್ತಾ, ಸುಡುವ ಕರೆಂಟಿನಲ್ಲೇ ದಿನವಿಡೀ ಕಳೆಯುತ್ತದೆ. ಹಾಗಾಗಿ ಎಣಿಕೆ ಬೇಕು. ಕೆಲವೇ ಸೆಕೆಂಡುಗಳಲ್ಲಿ ಮೂರು ಸಲ ದೂರು ಬಂದರೆ ಪ್ರಯತ್ನ ಬಿಟ್ಟು ಕರೆಂಟನ್ನೇ ಕಡಿದು, ಕೆಂಪು ದೀಪ ಹಚ್ಚಿ, ಮನುಷ್ಯನನ್ನು ಕರೆಯಬೇಕು. ಇಂದು ಇಂಥ ಎಣಿಕೆ, ಕಾಯುವಿಕೆ, ನಿರ್ಧಾರ ಎಲ್ಲವನ್ನೂ ಒಂದೇ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ಬರೆದುಕೊಡಬಹುದು. ಚಿಪ್ಪು ಯಾವುದಾದರೂ ಅದು ಪಾಲಿಸಬೇಕಾದ ಕ್ರಮ ಒಂದೇ: ದೂರು ಬಂದರೆ ಮೊದಲು ಕರೆಂಟು ಕಡಿ, ಸ್ವಲ್ಪ ತಡೆ, ದಿಕ್ಕು ಬದಲಿಸು, ಹೊರಡುವ ಕ್ಷಣದ ಕರೆಂಟನ್ನು ಕಡೆಗಣಿಸು, ಮತ್ತೆ ಗಮನವಿಡು, ಮೂರು ಸಲಕ್ಕೆ ಬಿಟ್ಟುಬಿಡು.

ಮೊದಲು ಕರೆಂಟು ಕಡಿಯಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಓಡುತ್ತಿರುವ ಮೋಟಾರಿನ ತಂತಿಗಳನ್ನು ಹಠಾತ್ತನೆ ಅದಲುಬದಲು ಮಾಡಿದರೆ ಅದುವರೆಗೆ ಎದುರಿಗೆ ತಳ್ಳುತ್ತಿದ್ದ 5.1 ವೋಲ್ಟ್ ಈಗ 6 ವೋಲ್ಟಿನ ಜೊತೆ ಸೇರಿಕೊಳ್ಳುತ್ತದೆ. 11.1 ವೋಲ್ಟ್, 3 ಓಮ್: ಕರೆಂಟು 3.7 ಆಂಪಿಯರ್! ಪೂರ್ತಿ ನಿಂತ ಮೋಟಾರಿಗೆ ಈ ಅಪಾಯವಿಲ್ಲ. ಅರ್ಧಂಬರ್ಧ ತಡೆದ ಮೋಟಾರಿಗೆ ಉಂಟು. ರಿಲೇಯ ಸಂಪರ್ಕಗಳಿಗೂ ಈ ಬಿಡುವಿನಿಂದ ಆಯುಸ್ಸು ಹೆಚ್ಚುತ್ತದೆ.

ಮೂರನೆಯ ತೊಡಕು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಕಿಟಕಿಯ ಗಾಜು ಪೂರ್ತಿ ಮೇಲೇರಿ ರಬ್ಬರಿಗೆ ತಾಗಿದಾಗಲೂ ಮೋಟಾರು ನಿಲ್ಲುತ್ತದೆ, ಕರೆಂಟು ಏರುತ್ತದೆ. ಅದು ಅಡ್ಡಿಯಲ್ಲ, ಗುರಿ. ಅಲ್ಲಿ ಹಿಂದಿರುಗಿದರೆ ಕಿಟಕಿ ಎಂದೂ ಮುಚ್ಚುವುದೇ ಇಲ್ಲ! ಗುರಿ ಯಾವುದು, ಅಡ್ಡಿ ಯಾವುದು ಎಂದು ಕರೆಂಟೊಂದರಿಂದಲೇ ತಿಳಿಯದು. ಗಾಜು ಎಲ್ಲಿದೆ ಎಂಬುದೂ ತಿಳಿದಿರಬೇಕು. ಸರಳ ಯಂತ್ರಗಳಲ್ಲಿ ದಾರಿಯ ಎರಡು ತುದಿಗಳಲ್ಲಿ ಲಿಮಿಟ್ ಸ್ವಿಚ್ಚುಗಳನ್ನು ಇಟ್ಟರೆ ಸಾಕು. ಕಾರುಗಳಲ್ಲಿ ಸಾಮಾನ್ಯವಾಗಿ ಮೋಟಾರಿನ ದಂಡಕ್ಕೆ ಪುಟ್ಟ ಆಯಸ್ಕಾಂತ ಕೂರಿಸಿ, ಅದು ಸುತ್ತುವುದನ್ನು ಹಾಲ್ ಸಂವೇದಕದಿಂದ ಎಣಿಸುತ್ತಾರೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಇದಕ್ಕೆ ಆಧಾರ. ಸುತ್ತುಗಳ ಎಣಿಕೆಯಿಂದ ಗಾಜಿನ ಸ್ಥಾನ ತಿಳಿಯುತ್ತದೆ. ಸುತ್ತುಗಳ ನಡುವಿನ ಕಾಲದಿಂದ ವೇಗ ತಿಳಿಯುತ್ತದೆ. ಮೋಟಾರು ಪೂರ್ತಿ ನಿಲ್ಲುವ ಮುನ್ನವೇ, ಅದು ಏದುಸಿರು ಬಿಡಲು ತೊಡಗಿದಾಗಲೇ ವಿಷಯ ಗೊತ್ತಾಗಿಬಿಡುತ್ತದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಕೆಲವು ಟೇಪ್‌ರೆಕಾರ್ಡರುಗಳು ಟೇಪಿನ ಸುರುಳಿ ತಿರುಗುವುದು ನಿಂತಿತೇ ಎಂದು ನೋಡಿಯೇ ಟೇಪು ಮುಗಿದದ್ದನ್ನು ತಿಳಿಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಏನೂ ಹೇಳಿಕೊಡದೆ ಹಿಂದಿರುಗುವ ಮೋಟಾರು

ಇಷ್ಟೆಲ್ಲ ಸಾಹಸವಿಲ್ಲದೆ ಹುಟ್ಟುಗುಣದಿಂದಲೇ ಹಿಂದಿರುಗುವ ಮೋಟಾರೂ ಒಂದಿದೆ. ಮೈಕ್ರೋವೇವ್ ಒಲೆಯ ಒಳಗೆ ತಿರುಗುವ ಗಾಜಿನ ತಟ್ಟೆಯನ್ನು ಗಮನಿಸಿದ್ದೀರಾ? ಒಂದು ದಿನ ಎಡಕ್ಕೆ ತಿರುಗಿದರೆ ಮತ್ತೊಂದು ದಿನ ಬಲಕ್ಕೆ ತಿರುಗುತ್ತದೆ. ದೊಡ್ಡ ಪಾತ್ರೆಯಿಟ್ಟು ಅದು ಗೋಡೆಗೆ ತಾಗಿದರೆ ತಟ್ಟೆ ತೆಪ್ಪಗೆ ಹಿಂದಕ್ಕೆ ತಿರುಗತೊಡಗುತ್ತದೆ. ಅನೇಕ ಒಲೆಗಳಲ್ಲಿ ಈ ಕೆಲಸಕ್ಕಿರುವುದು ಪುಟ್ಟ ಸಿಂಕ್ರನಸ್ ಮೋಟಾರು. ಇದರಲ್ಲಿ ತಿರುಗುವ ಭಾಗವೇ ಆಯಸ್ಕಾಂತ. ಹೊರಗಿನ ಸುರುಳಿಯಲ್ಲಿ ನಮ್ಮ ಮನೆಯ 50 ಹರ್ಟ್ಸ್ ವಿದ್ಯುತ್ತು ಹರಿದು ಅದರ ಧ್ರುವಗಳು ಸೆಕೆಂಡಿಗೆ 100 ಸಲ ಅದಲುಬದಲಾಗುತ್ತವೆ. ಆಯಸ್ಕಾಂತ ಆ ತಾಳಕ್ಕೆ ಹೆಜ್ಜೆ ಹಾಕಿದರೆ ಸಾಕು, ಎಡವೋ ಬಲವೋ ಅದಕ್ಕೆ ಒಂದೇ. ಅಡ್ಡಿ ಬಂದಾಗ ತಾಳ ತಪ್ಪಿ ಹಿಂದಕ್ಕೆ ಪುಟಿದು, ಆ ಕಡೆಗೇ ಮತ್ತೆ ಹೆಜ್ಜೆ ಸೇರಿಸಿಕೊಳ್ಳುತ್ತದೆ. ಜಾಮ್ ಆದರೂ ಇದರ ಕರೆಂಟು ಹೆಚ್ಚೇನೂ ಏರುವುದಿಲ್ಲ. ಸಾವಿರಾರು ಸುತ್ತುಗಳ ಸುರುಳಿಯೇ ಅದನ್ನು ಹಿಡಿದಿಡುತ್ತದೆ. ಆದ್ದರಿಂದ ಸುಡುವ ಭಯವೂ ಕಡಿಮೆ. ತಟ್ಟೆ ಯಾವ ಕಡೆ ತಿರುಗಿದರೂ ಅನ್ನ ಬಿಸಿಯಾಗುತ್ತದೆ. ಹಾಗಾಗಿ ಈ ಮೋಟಾರು ಅಲ್ಲಿಗೆ ಸರಿ. ಇಂತಿಷ್ಟೇ ದೂರ, ಇಂಥ ದಿಕ್ಕಿಗೇ ಹೋಗಬೇಕಾದ ಕಡೆ ಇದು ಕೆಲಸಕ್ಕೆ ಬಾರದು.

ಹಾಗೆಯೇ, ಹಿಂದಿರುಗುವುದೇ ಎಲ್ಲೆಡೆ ಸರಿಯಾದ ಉತ್ತರವೂ ಅಲ್ಲ. ಕಾಗದ ಚೂರು ಮಾಡುವ ಯಂತ್ರ, ಕಿಟಕಿ, ಜಾರುವ ಬಾಗಿಲು: ಇವು ಹಿಂದಿರುಗಬೇಕು. ಮಿಕ್ಸಿ, ನೀರಿನ ಪಂಪು: ಇವು ನಿಂತರೆ ಸಾಕು. ಭಾರ ಎತ್ತುವ ಯಂತ್ರ ತಡೆದಾಗ ಹಿಂದಿರುಗಿದರೆ ಭಾರ ಕೆಳಗಿರುವವರ ಮೇಲೆ ಇಳಿಯುತ್ತದೆ. ಅಲ್ಲಿ ಬ್ರೇಕು ಹಿಡಿದು ನಿಲ್ಲುವುದೇ ಸರಿ. ಯಂತ್ರ ಕಟ್ಟುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ: ಸಿಕ್ಕಿಕೊಂಡದ್ದು ಬಿಡುಗಡೆಯಾಗುವುದು ಯಾವ ಕಡೆಗೆ?

ಕಾನೂನು ಏನನ್ನುತ್ತದೆ?

ಈ ಪ್ರಶ್ನೆಯನ್ನು ಕೆಲವು ದೇಶಗಳು ಬಹಳ ಬೆಲೆ ತೆತ್ತು ಕೇಳಿಕೊಂಡಿವೆ. ಅಮೆರಿಕದಲ್ಲಿ ಮನೆಯ ಕಾರು ಶೆಡ್ಡಿನ ಬಾಗಿಲುಗಳನ್ನು ಮೋಟಾರಿನಿಂದ ಏರಿಳಿಸುವ ರೂಢಿಯಿದೆ. ಇಳಿಯುವ ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳ ನಂತರ ಅಲ್ಲಿ 1990ರಲ್ಲಿ ಕಾನೂನು ಬಂದಿತು. 1993ರ ಜನವರಿ 1ರಿಂದ ತಯಾರಾಗುವ ಇಂಥ ಯಂತ್ರಗಳಲ್ಲಿ ಬಾಗಿಲು ಏನಕ್ಕಾದರೂ ತಾಗಿದ 2 ಸೆಕೆಂಡುಗಳೊಳಗೆ ಹಿಂದಿರುಗಬೇಕು. ಅಷ್ಟೇ ಅಲ್ಲ, ಬೆಳಕಿನ ಕಿರಣದಂಥ ಎರಡನೆಯ ಕಾವಲೂ ಇರಬೇಕು ಎಂದು ಗೊತ್ತುಮಾಡಲಾಯಿತು. ಮೋಟಾರಿನ ದೂರೊಂದನ್ನೇ ನೆಚ್ಚಬಾರದೆಂಬ ಪಾಠ ಇದು.

ಕಾರಿನ ಕಿಟಕಿಗಳ ವಿಷಯದಲ್ಲಿ ವಿಶ್ವಸಂಸ್ಥೆಯ ಆಶ್ರಯದ ವಾಹನ ನಿಯಮಗಳ ಪೈಕಿ 21ನೆಯದು ಒಂದು ಅಳತೆ ಕೊಡುತ್ತದೆ. ತಾನಾಗಿ ಹಿಂದಿರುಗುವ ಏರ್ಪಾಡುಳ್ಳ ಕಿಟಕಿಯು, ತೆರಪು 200 ಮಿಲಿಮೀಟರಿನಿಂದ 4 ಮಿಲಿಮೀಟರಿನವರೆಗೆ ಇರುವಾಗ, ಒತ್ತುವ ಬಲ 100 ನ್ಯೂಟನ್ ಮೀರುವ ಮುನ್ನ ಹಿಂದಿರುಗಬೇಕು. 100 ನ್ಯೂಟನ್ ಎಂದರೆ ಸುಮಾರು 10 ಕಿಲೋಗ್ರಾಂ ತೂಕ ಒತ್ತಿದ ಹಾಗೆ; ನೋವಾಗುತ್ತದೆ, ಆದರೆ ಏರ್ಪಾಡಿಲ್ಲದ ಕಿಟಕಿ ಒತ್ತುವ ಬಲ ಇದಕ್ಕಿಂತ ಎಷ್ಟೋ ಹೆಚ್ಚು. 4 ಮಿಲಿಮೀಟರ್ ಎಂಬ ಮಿತಿ ಏಕೆ ಎಂದು ಈಗ ನೀವೇ ಹೇಳಬಲ್ಲಿರಿ. ಅದಕ್ಕಿಂತ ಕಿರಿದಾದ ತೆರಪಿನಲ್ಲಿ ಬರುವ ತಡೆ ಬೆರಳಲ್ಲ, ಚೌಕಟ್ಟಿನ ರಬ್ಬರು. ಅಲ್ಲಿಂದ ಮುಂದೆ ತಡೆಯೇ ಗುರಿ.

ನಿಮ್ಮ ಮನೆಯ ಕಾರು

ಕಡೆಯದಾಗಿ, ನಿಮ್ಮ ಮನೆಯಲ್ಲಿ ಕಾರಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ, ಈ ನಾಲ್ಕು ಮಾತುಗಳನ್ನು ನೆನಪಿಡಿ. ಒಂದು, ಅನೇಕ ಕಾರುಗಳಲ್ಲಿ ಹಿಂದಿರುಗುವ ಏರ್ಪಾಡು ಚಾಲಕನ ಕಿಟಕಿಗೆ ಮಾತ್ರ ಇರುತ್ತದೆ. ಮಕ್ಕಳು ಕೂರುವುದು ಹಿಂದಿನ ಸೀಟಿನಲ್ಲಿ. ಯಾವ ಕಿಟಕಿಗೆ ಇದೆ, ಯಾವುದಕ್ಕಿಲ್ಲ ಎಂದು ಕಾರಿನ ಕೈಪಿಡಿಯಲ್ಲಿ ಓದಿ ತಿಳಿದುಕೊಳ್ಳಿ. ಎರಡು, ಬ್ಯಾಟರಿ ಕಳಚಿ ಹಾಕಿದ ಮೇಲೆ ಕೆಲವು ಕಾರುಗಳಲ್ಲಿ ಗಾಜಿನ ಸ್ಥಾನದ ಎಣಿಕೆ ಮರೆತುಹೋಗುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಮತ್ತೆ ಕಲಿಸುವವರೆಗೂ ಏರ್ಪಾಡು ಕೆಲಸ ಮಾಡದಿರಬಹುದು. ಮೂರು, ಪರೀಕ್ಷಿಸಬೇಕೆನಿಸಿದರೆ ಸುರುಳಿ ಸುತ್ತಿದ ಹಳೆಯ ಬಟ್ಟೆಯನ್ನೋ ದಿನಪತ್ರಿಕೆಯನ್ನೋ ಅಡ್ಡ ಹಿಡಿಯಿರಿ. ಬೆರಳನ್ನು ಎಂದಿಗೂ ಹಿಡಿಯಬೇಡಿ. ನಾಲ್ಕು, ಹಿಂದಿನ ಕಿಟಕಿಗಳ ಗುಂಡಿಗಳನ್ನು ನಿಷ್ಕ್ರಿಯಗೊಳಿಸುವ ಬೀಗದ ಸ್ವಿಚ್ಚು ಚಾಲಕನ ಕೈಗೆಟಕುವಂತೆ ಇರುತ್ತದೆ. ಅದನ್ನು ಬಳಸಿ. ಗಾಜು ಏರಿಸುವ ಮುನ್ನ ಒಮ್ಮೆ ಹಿಂದಿರುಗಿ ನೋಡಿ.

ಸೆಲ್ಲು, ಬಲ್ಬು, ಮೋಟಾರಿನ ಪ್ರಯೋಗವನ್ನು ಈ ಭಾನುವಾರ ಮಕ್ಕಳ ಜೊತೆ ಕುಳಿತು ಮಾಡಿ. ದಂಡವನ್ನು ಹಿಡಿದಾಗ ಬಲ್ಬು ಏಕೆ ಬೆಳಗಿತು ಎಂದು ಮೊದಲು ಅವರನ್ನೇ ಕೇಳಿ. ಮೋಟಾರು ಏನೋ ಹೇಳುತ್ತಿದೆ ಎಂದು ಒಮ್ಮೆ ಅರ್ಥವಾದರೆ, ಮುಂದೆ ಮಿಕ್ಸಿ 'ಗುಂಯ್' ಎಂದಾಗ ಅವರೇ ಓಡಿ ಬಂದು ಸ್ವಿಚ್ಚು ಆರಿಸುತ್ತಾರೆ.